ಮಾನವಿಕ ಪಾಠಗಳ ಒಂದು ವಾರ

ಚರಿತ್ರೆಯೆಂದರೆ ಇಸವಿಗಳ ಪಟ್ಟಿ, ಭೂಗೋಳವೆಂದರೆ ನದಿ ಪರ್ವತಗಳ ಹೆಸರು, ಪೌರನೀತಿಯೆಂದರೆ ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆಯಬೇಕಾದ ನಾಲ್ಕು ಪುಟ. ಹೀಗೆಂದು ನಮ್ಮಲ್ಲಿ ಬಹು ಮಂದಿ ತಿಳಿದಿದ್ದಾರೆ. ಗಣಿತದಲ್ಲಿ ಹಿಂದೆ ಬಿದ್ದ ಹುಡುಗನಿಗೆ ಮನೆಯವರು ಕಷ್ಟಪಟ್ಟಾದರೂ ಪಾಠ ಹೇಳಿಸುತ್ತಾರೆ. ಚರಿತ್ರೆಯಲ್ಲಿ ಹಿಂದೆ ಬಿದ್ದವನಿಗೆ "ಓದಿಕೊಂಡರೆ ತಾನಾಗಿ ಬರುತ್ತೆ ಬಿಡು" ಎಂದು ಸಮಾಧಾನ ಹೇಳುತ್ತಾರೆ. ಓದಿಕೊಂಡರೆ ಬರುವುದು ಏನು, ಓದಿಕೊಂಡರೂ ಬಾರದೆ ಉಳಿಯುವುದು ಏನು ಎಂಬುದನ್ನು ವಿಚಾರಿಸುವವರು ವಿರಳ.

ಕಲಾ ಕಾಲೇಜಿನ ವಿದ್ಯಾರ್ಥಿಗಳಾದ ನಮಗೆ ಈ ಪ್ರಶ್ನೆ ದೂರದ್ದಲ್ಲ. ನಮ್ಮಲ್ಲಿ ಅನೇಕರು ಪದವಿಯ ಬಳಿಕ ಬಿ.ಎಡ್. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂರುವವರು. ಆರರಿಂದ ಎಂಟನೆಯ ತರಗತಿಯವರೆಗಿನ ಶಿಕ್ಷಕರಿಗಾಗಿ ನಡೆಯುವ ಆ ಪರೀಕ್ಷೆಯ ಎರಡನೆಯ ಪತ್ರಿಕೆಯ ೧೫೦ ಅಂಕಗಳಲ್ಲಿ, ಕಲಾ ಪದವೀಧರರಿಗೆ ೬೦ ಅಂಕ ಸಮಾಜ ಪಾಠಗಳಿಗೇ ಮೀಸಲು. ಎಂದರೆ ಇಂದು ನಾವು ಓದುತ್ತಿರುವ ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಕನ್ನಡಗಳೆಲ್ಲ ಒಂದು ದಿನ ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳ ಮುಂದೆ ನಿಲ್ಲಬೇಕಾದವು. ಅಲ್ಲಿ ಅವು ಹೇಗೆ ನಿಲ್ಲಬೇಕು? ಈ ಪ್ರಶ್ನೆಗೆ ಒಂದು ವಾರದ ಪಾಠವನ್ನು ಮುಂದಿಟ್ಟುಕೊಂಡು ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಮೊದಲು ಕಾಲದ ಲೆಕ್ಕ

೨೦೦೯ರ ಶಿಕ್ಷಣ ಹಕ್ಕು ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದರ ಅನುಸೂಚಿಯಂತೆ ಆರರಿಂದ ಎಂಟನೆಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ ೨೨೦ ದಿನ, ೧,೦೦೦ ಗಂಟೆಗಳ ಬೋಧನೆ ನಡೆಯಬೇಕು. ವಿಜ್ಞಾನ ಗಣಿತಗಳಿಗೆ ಒಬ್ಬರು, ಸಮಾಜ ಪಾಠಗಳಿಗೆ ಒಬ್ಬರು, ಭಾಷೆಗಳಿಗೆ ಒಬ್ಬರು ಎಂಬಂತೆ ಉಪಾಧ್ಯಾಯರಿರಬೇಕು; ಮೂವತ್ತೈದು ಮಕ್ಕಳಿಗೆ ಒಬ್ಬರಾದರೂ ಇರಬೇಕು. ಸಮಾಜ ಪಾಠಗಳಿಗೆ ಬೇರೆಯಾಗಿಯೇ ಒಬ್ಬ ಉಪಾಧ್ಯಾಯರನ್ನು ಕಾಯಿದೆ ಕೇಳಿರುವುದು ಗಮನಾರ್ಹ. ಬಿಡುವಿದ್ದವರು ಯಾರಾದರೂ ಹೋಗಿ ಪುಸ್ತಕ ಓದಿಸಿ ಬರುವ ವಿಷಯ ಇದಲ್ಲವೆಂದು ಕಾಯಿದೆಯೇ ಒಪ್ಪಿದಂತಾಯಿತು.

ಇನ್ನು ವಾರದ ಲೆಕ್ಕ. ನಲವತ್ತು ನಿಮಿಷದ ಆರು ಅವಧಿಗಳು ಈ ಪಾಠಗಳಿಗೆ ದೊರೆಯುತ್ತವೆ ಎಂದಿಟ್ಟುಕೊಳ್ಳೋಣ. ಒಟ್ಟು ೨೪೦ ನಿಮಿಷ. ಮೂವತ್ತೈದು ಮಕ್ಕಳಿಗೆ ಹಂಚಿದರೆ ತಲೆಗೆ ಏಳು ನಿಮಿಷವೂ ಬಾರದು. ಉಪಾಧ್ಯಾಯರೊಬ್ಬರೇ ಮಾತನಾಡುತ್ತಿದ್ದರೆ ಅದೂ ಇಲ್ಲ. ಆದುದರಿಂದ ವಾರವನ್ನು ಹೀಗೆ ಜೋಡಿಸಬೇಕು: ಒಂದು ದಿನದ ಪಾಠ ಮರುದಿನದ ಪಾಠಕ್ಕೆ ಮೆಟ್ಟಿಲಾಗಬೇಕು, ಕೇಳುವುದಕ್ಕಿಂತ ಮಾಡುವುದು ಹೆಚ್ಚಾಗಬೇಕು.

ಉದಾಹರಣೆಗಾಗಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಯಾವುದೋ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯನ್ನು ಭಾವಿಸಿಕೊಳ್ಳೋಣ. ಈ ಶಾಲೆ ಕಲ್ಪಿತ. ಅದರ ಸುತ್ತಲಿನ ನೆಲ, ಮಳೆ, ಶಾಸನ, ಮಗ್ಗ ಇವು ಮಾತ್ರ ಕಲ್ಪಿತವಲ್ಲ. ತರಗತಿ ಏಳನೆಯದು.

ಸೋಮವಾರ: ಕಲ್ಲು ಹೇಳುವುದೆಷ್ಟು?

ಪಾಠ ಅಶೋಕ ಚಕ್ರವರ್ತಿಯದು. ಪಾಟಲೀಪುತ್ರವನ್ನು ಕರಿಹಲಗೆಯ ಮೇಲೆ ಬರೆದು ಪ್ರಾರಂಭಿಸಬಹುದು. ಆದರೆ ಈ ತಾಲ್ಲೂಕಿನ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಬಾಗಿಲು ಉಂಟು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆಯ ಅಶೋಕನ ಶಾಸನಗಳು ಇದೇ ತಾಲ್ಲೂಕಿನಲ್ಲಿವೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಬ್ರಾಹ್ಮೀ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ೧೮೩೭ರಲ್ಲಿಯೇ ಓದಿ ತೋರಿಸಿದ್ದುದರಿಂದ ಈ ಬಂಡೆಗಳು ಮಾತನಾಡುವುದು ಸಾಧ್ಯವಾಯಿತು.

ಬಂಡೆಯ ಮೇಲಿರುವುದೇನು? ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನದಿಂದ ಶ್ರೇಯಸ್ಸನ್ನು ಪಡೆಯಬಲ್ಲರು ಎಂಬುದು ಅದರ ಒಂದು ಅಭಿಪ್ರಾಯ. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಇನ್ನೊಂದು. ಕೊನೆಯಲ್ಲಿ ಬರೆದವನ ಹೆಸರು ಚಪಡ. ತಾನು ಲಿಪಿಕಾರನೆಂಬ ಮಾತನ್ನು ಅವನು ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ.

ಇಷ್ಟನ್ನು ಹೇಳಿ ಉಪಾಧ್ಯಾಯರು ನಿಲ್ಲಬೇಕು. ಮುಂದಿನದು ಮಕ್ಕಳ ಸರದಿ.

"ಚಪಡ ಈ ಊರಿನವನೇ ಇರಬಹುದೇನ್ರೋ?"

"ಅಲ್ಲ ಸಾ, ಆ ಲಿಪಿ ಈ ಕಡೇದಲ್ಲ ಅಂದ್ರಲ್ಲ."

"ಹಾಗಂತ ಕಲ್ಲಿನ ಮೇಲೆ ಬರೆದಿದೆಯೋ, ನೀನು ಊಹಿಸಿದೆಯೋ?"

"ಊಹೆ ಸಾ. ಆದ್ರೆ ಸುಮ್‌ಸುಮ್ನೆ ಊಹೆ ಅಲ್ಲ."

ಈ ಕೊನೆಯ ಮಾತಿನಲ್ಲಿ ಚರಿತ್ರೆಯ ಅರ್ಧ ಶಾಸ್ತ್ರವೇ ಅಡಗಿದೆ. ಕಲ್ಲಿನ ಮೇಲೆ ಇರುವುದು ಆಧಾರ; ಅದರಿಂದ ನಾವು ತೆಗೆಯುವುದು ಅನುಮಾನ; ಆಧಾರವಿಲ್ಲದ ಅನುಮಾನ ಕಟ್ಟುಕಥೆ. ಮಕ್ಕಳು ಕರಿಹಲಗೆಯಲ್ಲಿ ಎರಡು ಅಂಕಣಗಳನ್ನು ಮಾಡುತ್ತಾರೆ: "ಕಲ್ಲಿನಲ್ಲಿದೆ" ಎಂದೊಂದು, "ನಾವು ಊಹಿಸಿದ್ದು" ಎಂದೊಂದು. ಶಾಸನದ ಭಾಷೆ ಪ್ರಾಕೃತ ಎಂಬುದು ಮೊದಲ ಅಂಕಣಕ್ಕೆ ಹೋಗುತ್ತದೆ. ಅಧಿಕಾರಿಗಳು ಜನರಿಗೆ ಅದನ್ನು ಅವರ ಮಾತಿನಲ್ಲಿ ಬಿಡಿಸಿ ಹೇಳಿರಬೇಕು ಎಂಬುದು ಎರಡನೆಯದಕ್ಕೆ. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಮೇಲಿನಿಂದ ಕೆಳಕ್ಕೆ ಮೂರು ಸಂಸ್ಕೃತಿಗಳ ಪದರಗಳು ಕಂಡವೆಂದೂ, ತಳದಲ್ಲಿ ನಯಗೊಳಿಸಿದ ಕಲ್ಲಿನ ಕೊಡಲಿಗಳ ಕಾಲದ ಜನ ಇದ್ದರೆಂದೂ ಹೇಳಿದರೆ, ಬರವಣಿಗೆ ಇಲ್ಲದ ಕಡೆ ಮಣ್ಣೂ ಸಾಕ್ಷಿ ಹೇಳಬಲ್ಲದೆಂಬುದು ಅವರಿಗೆ ಮನದಟ್ಟಾಗುತ್ತದೆ.

ಮಂಗಳವಾರ: ಇಲ್ಲೇಕೆ ಮಳೆ ಕಡಿಮೆ?

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮೀರಿದ ಮಳೆ. ಮೊಳಕಾಲ್ಮೂರಿನ ಕಡೆ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಇವೆರಡರ ನಡುವಣ ದೂರವೆಷ್ಟು? ಒಂದು ಸೆಂಟಿಮೀಟರಿಗೆ ಇಪ್ಪತ್ತು ಕಿಲೋಮೀಟರು ಎಂಬ ಮಾನದ ನಕ್ಷೆಯಲ್ಲಿ ಅಳತೆಪಟ್ಟಿ ಇಟ್ಟು ನೋಡಿದರೆ ಸುಮಾರು ಹನ್ನೊಂದು ಸೆಂಟಿಮೀಟರು. ಎಂದರೆ ನೇರ ಗೆರೆಯಲ್ಲಿ ಸುಮಾರು ೨೨೦ ಕಿಲೋಮೀಟರು. ಮಕ್ಕಳೇ ಅಳೆದು, ಗುಣಿಸಿ, ಈ ಸಂಖ್ಯೆಯನ್ನು ಕಂಡುಕೊಳ್ಳಬೇಕು.

ಬಳಿಕ ಕಾರಣ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಗೆ ಸಹ್ಯಾದ್ರಿ ಅಡ್ಡ ನಿಲ್ಲುತ್ತದೆ. ಗಾಳಿ ಬೆಟ್ಟವನ್ನು ಏರುತ್ತ ತಂಪಾಗುತ್ತದೆ. ತಂಪಾದ ಗಾಳಿ ತನ್ನ ತೇವವನ್ನು ಹಿಡಿದಿಡಲಾರದೆ ಮಳೆಯಾಗಿ ಸುರಿಸುತ್ತದೆ. ಬೆಟ್ಟ ದಾಟಿ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ ಒಣಗುತ್ತದೆ. ಹಾಗೆ ಒಣಗಿದ ಗಾಳಿಯ ಹಾದಿಯಲ್ಲಿ ನಮ್ಮ ಈ ಬಯಲುಸೀಮೆ ಇದೆ. ಇದನ್ನೇ ಮಳೆಯ ನೆರಳಿನ ಪ್ರದೇಶವೆನ್ನುವುದು. ಚಳ್ಳಕೆರೆಯ ಸುತ್ತ ಶೇಂಗಾ ಏಕೆ, ಕಬ್ಬೇಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಪ್ರಾರಂಭವಾಗುತ್ತದೆ.

ಇದೇ ಜಿಲ್ಲೆಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವುಂಟು. ೧೮೯೮ರಲ್ಲಿ ಪ್ರಾರಂಭವಾಗಿ ೧೯೦೭ರಲ್ಲಿ ಮುಗಿದ ಕೆಲಸ. ಅದು ೧೯೩೩ರಲ್ಲಿ ತುಂಬಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ, ಎಂಬತ್ತೊಂಬತ್ತು ವರ್ಷಗಳ ನಂತರ. ಈ ಎರಡು ಇಸವಿಗಳನ್ನು ಉರುಹೊಡೆಯಬೇಕಾಗಿಲ್ಲ. ನಡುವಿನ ಅಂತರವೇ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ. "ನಿಮ್ಮ ತಾತ, ಅಜ್ಜಿ ಒಮ್ಮೆಯೂ ಕಾಣದಿದ್ದುದನ್ನು ೨೦೨೨ರಲ್ಲಿ ಊರಿನ ಮಕ್ಕಳು ಕಂಡರು" ಎಂದರೆ ಇಸವಿಗೆ ಜೀವ ಬರುತ್ತದೆ.

ಮನೆಗೆಲಸವೂ ಕೈಯದೇ ಆಗಿರಲಿ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು, ಮಳೆ ಬಂದ ದಿನ ಒಳಗಿನ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದರೆ ಅದೇ ಆ ದಿನದ ಮಳೆ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಇಪ್ಪತ್ತು ಚದರ ಮೀಟರಿನ ಮಾಡಿನ ಮೇಲೆ ಹತ್ತು ಮಿಲಿಮೀಟರು ಬಿದ್ದರೆ ಇನ್ನೂರು ಲೀಟರು. ಕೊಡ ಹೊತ್ತು ನೀರು ತರುವ ಹುಡುಗಿಗೆ ಈ ಲೆಕ್ಕದ ಬೆಲೆ ನಮಗಿಂತ ಬೇಗ ತಿಳಿಯುತ್ತದೆ.

ಬುಧವಾರ: ನುಡಿಯೂ ಒಂದು ನಕ್ಷೆ

ಕನ್ನಡ ಪಾಠವನ್ನು ಸಮಾಜ ಪಾಠದಿಂದ ಗೋಡೆ ಕಟ್ಟಿ ಬೇರೆ ಮಾಡಬೇಕಾಗಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಕನ್ನಡ ನಾಡಿಗೆ ದಕ್ಷಿಣದಲ್ಲಿ ಕಾವೇರಿ, ಉತ್ತರದಲ್ಲಿ ಗೋದಾವರಿ ಎಂದು ಗಡಿ ಹೇಳುತ್ತದೆ. ತಿರುಳ್ಗನ್ನಡದ ಸೀಮೆಯಾಗಿ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ಮಂಗಳವಾರ ಬಳಸಿದ ನಕ್ಷೆಯನ್ನೇ ಮತ್ತೆ ಬಿಡಿಸಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದಗಳನ್ನು ಗುರುತಿಸಿ ಗೆರೆ ಎಳೆಯಲಿ. ಸಾವಿರದ ಇನ್ನೂರು ವರ್ಷಗಳ ಹತ್ತಿರದ ಒಂದು ಗ್ರಂಥ ಮಕ್ಕಳ ಪೆನ್ಸಿಲಿನ ತುದಿಗೆ ಬರುತ್ತದೆ.

ಅಲ್ಲಿಂದ ಶಬ್ದಗಳಿಗೆ ಇಳಿಯುವುದು ಸುಲಭ. ಪುಲಿ ಹುಲಿಯಾಯಿತು, ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಇಂಥ ಹತ್ತು ಮಾತುಗಳನ್ನು ಹಲಗೆಯ ಮೇಲೆ ಬರೆದರೆ ಸೂತ್ರವನ್ನು ಉಪಾಧ್ಯಾಯರು ಹೇಳಬೇಕಾಗಿಲ್ಲ. ಮೂರನೆಯ ಬೆಂಚಿನಿಂದ ಯಾರಾದರೂ ಕೂಗಿ ಹೇಳುತ್ತಾರೆ. ತಾವೇ ಕಂಡುಕೊಂಡ ನಿಯಮವನ್ನು ಮಕ್ಕಳು ಮರೆಯುವುದು ಕಡಿಮೆ. ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವ ಮಕ್ಕಳು ಈ ಗಡಿ ತಾಲ್ಲೂಕಿನಲ್ಲಿ ಸಾಕಷ್ಟಿದ್ದಾರೆ. ಹುಲಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಎಂದು ಅವರನ್ನು ಕೇಳಿದರೆ, ತೆಲುಗಿನ ಮಗು ಪುಲಿ ಎನ್ನುತ್ತದೆ. ಹಳಗನ್ನಡಕ್ಕೆ ತನ್ನ ಮನೆಮಾತು ನಂಟೆಂದು ತಿಳಿದ ಆ ಮಗು ಕನ್ನಡ ಪಾಠದಲ್ಲಿ ಇನ್ನು ಮುಂದೆ ಹಿಂದಿನ ಸಾಲಿಗೆ ಸರಿಯದು.

ಗುರುವಾರ: ಕಿರಿಯರ ಸಭೆ

ಪೌರನೀತಿಯ ಪಾಠ ಗ್ರಾಮ ಪಂಚಾಯಿತಿಯದು. ಸಂವಿಧಾನದ ೭೩ನೆಯ ತಿದ್ದುಪಡಿ ೧೯೯೩ರ ಏಪ್ರಿಲ್ ೨೪ರಂದು ಜಾರಿಗೆ ಬಂದಿತು. ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯೂ ಬಂದಿತು. ಸುಮಾರು ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯರು. ಸ್ಥಾನಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿಗೆ. ಆರು ಸಾವಿರ ಜನರ ಪಂಚಾಯಿತಿಗೆ ಎಷ್ಟು ಮಂದಿ ಸದಸ್ಯರೆಂದು ಕೇಳಿದರೆ ಹದಿನೈದು ಎಂದು ಲೆಕ್ಕ ಹಾಕಿ ಹೇಳುತ್ತಾರೆ.

ಇಷ್ಟೇ ಆದರೆ ಅದು ಪುಸ್ತಕದ ಪಂಚಾಯಿತಿ. ತರಗತಿಯಲ್ಲಿಯೇ ಒಂದು ಗ್ರಾಮಸಭೆ ಕೂಡಲಿ. ಒಬ್ಬಳು ಅಧ್ಯಕ್ಷೆ, ಒಬ್ಬ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕೆಲವರು ಸದಸ್ಯರು, ಉಳಿದವರು ಊರವರು. ಚರ್ಚೆಗೆ ಒಂದೇ ವಿಷಯ: ಇರುವ ಹಣದಲ್ಲಿ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಕೊಳಾಯಿ ಮೊದಲೋ, ಬಸ್ಸು ನಿಲ್ಲುವ ಕಡೆ ದೀಪ ಮೊದಲೋ? ಎರಡೂ ಬೇಕು, ಹಣ ಒಂದಕ್ಕೆ. ಎರಡು ನ್ಯಾಯವಾದ ಬೇಡಿಕೆಗಳ ನಡುವೆ ಆರಿಸುವುದೇ ರಾಜಕೀಯದ ನಿಜವಾದ ಕಷ್ಟವೆಂದು, ಕೂಗಿದವನ ಮಾತೇ ಗೆಲ್ಲಬೇಕಾಗಿಲ್ಲವೆಂದು, ಸೋತವರ ಮಾತನ್ನೂ ನಡಾವಳಿಯಲ್ಲಿ ಬರೆಯಬೇಕೆಂದು ನಲವತ್ತು ನಿಮಿಷದಲ್ಲಿ ತಿಳಿಯುತ್ತದೆ. ಸಭೆಯ ನಂತರ ಭಾಷಾ ಪಾಠದಲ್ಲಿ ಮನವಿಪತ್ರ ಬರೆಯಲಿ. "ಇವರಿಗೆ, ಇವರಿಂದ, ವಿಷಯ" ಎಂಬ ಒಣ ನಮೂನೆಗೆ ಆಗ ಒಂದು ಅರ್ಥ ಬರುತ್ತದೆ.

ಇದು ಕೇವಲ ಆಟವಲ್ಲ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನು ನಡೆಸುತ್ತವೆ. ಮತ ಹಾಕಲು ಹದಿನೆಂಟು ತುಂಬಬೇಕು. ಪ್ರಶ್ನೆ ಕೇಳಲು ಹನ್ನೆರಡು ಸಾಕು. ಗುರುವಾರ ತರಗತಿಯಲ್ಲಿ ಎದ್ದು ನಿಂತು ಮಾತನಾಡಿದ ಹುಡುಗಿ ಆ ಸಭೆಯಲ್ಲಿಯೂ ಎದ್ದು ನಿಂತಾಳು.

ಶುಕ್ರವಾರ: ಒಂದು ಸೀರೆಯ ಹಿಂದೆ

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ೨೦೧೧ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಎಂದರೆ ಬೇರೆ ಕಡೆ ನೇಯ್ದ ಸೀರೆಯನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಅರ್ಥಶಾಸ್ತ್ರದ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪದಾರ್ಥವೆಲ್ಲಿ? ಒಂದು ಸೀರೆಯ ಬೆಲೆಯಲ್ಲಿ ಯಾರ ಯಾರ ಪಾಲಿದೆಯೆಂದು ಮಕ್ಕಳು ಪಟ್ಟಿ ಮಾಡಲಿ: ರೇಷ್ಮೆ ಬೆಳೆದವರು, ನೂಲು ತೆಗೆದವರು, ಬಣ್ಣ ಹಾಕಿದವರು, ಜರಿ ಕೊಟ್ಟವರು, ಹಾಸು ಹೂಡಿದವರು, ಲಾಳಿ ಎಸೆದವರು, ಕೊಂಡು ಮಾರುವವರು, ಅಂಗಡಿಯವರು. ನೇಕಾರರ ಮನೆಯ ಮಗು ಅಂದು ಗುರುವಾಗುತ್ತದೆ; ಹಾಸೆಂದರೇನು, ಹೊಕ್ಕೆಂದರೇನು ಎಂದು ತೋರಿಸುತ್ತದೆ. ಮಗ್ಗದ ಮುಂದೆ ಅಪ್ಪ ಕೂತರೆ, ನೂಲು ಸುತ್ತುವ ಅಮ್ಮನ ಕೆಲಸಕ್ಕೆ ಕೂಲಿಯ ಲೆಕ್ಕ ಎಲ್ಲಿದೆ ಎಂಬ ಪ್ರಶ್ನೆಯನ್ನೂ ಯಾರಾದರೂ ಕೇಳಬಹುದು. ಕೇಳಲಿ. ಪುಸ್ತಕದಲ್ಲಿ ಅದಕ್ಕೆ ಸಿದ್ಧ ಉತ್ತರವಿಲ್ಲದಿದ್ದರೂ ಪ್ರಶ್ನೆ ಸಿದ್ಧವಾದುದೇ ಲಾಭ.

ಇಲ್ಲಿ ಉಪಾಧ್ಯಾಯರು ಎಚ್ಚರದಿಂದಿರಬೇಕು. ಮನೆಯನ್ನು ತರಗತಿಗೆ ತರುವಾಗ ಮನೆಯ ನೋವನ್ನು ಬೀದಿಗೆ ತರಬಾರದು. "ನಿಮ್ಮ ಮನೆಗೆ ಎಷ್ಟು ಸಾಲ? ನಿಮ್ಮದು ಯಾವ ಜಾತಿ?" ಎಂದು ಎಲ್ಲರ ಮುಂದೆ ಕೇಳುವುದು ಪಾಠವಲ್ಲ, ಹಿಂಸೆ. "ಒಬ್ಬ ನೇಕಾರರು ಸಾಲ ಮಾಡಬೇಕಾಗಿ ಬಂದರೆ ಕಾರಣವೇನಿರಬಹುದು?" ಎಂದು ಕೇಳಿದರೆ, ಬಲ್ಲ ಮಗು ತನ್ನ ಅನುಭವವನ್ನು ತನ್ನದೆಂದು ಹೇಳದೆಯೇ ಹೇಳಬಹುದು. ಪ್ರಶ್ನೆಯನ್ನು ಹೀಗೆ ಹೊರಳಿಸುವ ಸೂಕ್ಷ್ಮ ಬರದೆ ಮಾನವಿಕ ವಿಷಯಗಳನ್ನು ಬೋಧಿಸುವ ಅಧಿಕಾರ ಬಾರದು.

ಶನಿವಾರ: ಅಳೆಯುವುದು ಹೇಗೆ?

ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನಕ್ಕೆ ಮುಗಿಯುತ್ತದೆ. ವಾರದ ಕಲಿಕೆಯನ್ನು ಒರೆಗೆ ಹಚ್ಚುವ ದಿನ. "ಬ್ರಹ್ಮಗಿರಿ ಯಾವ ತಾಲ್ಲೂಕಿನಲ್ಲಿದೆ?" ಎಂದು ಕೇಳಬಹುದು, ಅದು ನೆನಪಿನ ಪರೀಕ್ಷೆ. "ಬ್ರಹ್ಮಗಿರಿಯ ಶಾಸನದಿಂದ ನಮಗೆ ತಿಳಿಯುವ ಎರಡು ಸಂಗತಿ, ತಿಳಿಯದ ಒಂದು ಸಂಗತಿ ಬರೆಯಿರಿ" ಎಂದರೆ ಅದು ಬುದ್ಧಿಯ ಪರೀಕ್ಷೆ. ಎರಡನೆಯದಕ್ಕೆ ಪುಸ್ತಕ ತೆರೆದಿಟ್ಟುಕೊಂಡರೂ ಬಾಧಕವಿಲ್ಲ.

ಇದು ಕನಸಿನ ಮಾತಲ್ಲ. ಮಧ್ಯಪ್ರದೇಶದಲ್ಲಿ ಏಕಲವ್ಯ ಎಂಬ ಸಂಸ್ಥೆಯು ೧೯೮೬ರಿಂದ ಒಂಬತ್ತು ಸರಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಸಮಾಜ ಪಾಠಗಳನ್ನು ಹೊಸ ಪುಸ್ತಕಗಳಿಂದ ಕಲಿಸಿ, ಪುಸ್ತಕ ತೆರೆದು ಬರೆಯುವ ಪರೀಕ್ಷೆಯನ್ನು ನಡೆಸಿತು. ೧೯೯೩ರಲ್ಲಿ ಪ್ರೊಫೆಸರ್ ಯಶಪಾಲ್ ಅವರ ಸಮಿತಿ, ಮಕ್ಕಳ ಮೇಲಿನ ನಿಜವಾದ ಭಾರ ಚೀಲದ್ದಕ್ಕಿಂತಲೂ ಅರ್ಥವಾಗದೆ ಹೊರಬೇಕಾದ ಪಾಠದ್ದೆಂದು ತೋರಿಸಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು, ಬಾಯಿಪಾಠದಿಂದ ಬಿಡಿಸಬೇಕು ಎಂದಿತು. ತತ್ತ್ವದ ಕೊರತೆ ನಮಗಿಲ್ಲ. ಸೋಮವಾರ ಬೆಳಗ್ಗೆ ಅದನ್ನು ತರಗತಿಗೆ ಒಯ್ಯುವವರ ಕೊರತೆಯಿದೆ.

ಅಡ್ಡಿಗಳೂ ಉಂಟು

ಇದನ್ನೆಲ್ಲ ಓದಿ ಅನುಭವಸ್ಥ ಉಪಾಧ್ಯಾಯರೊಬ್ಬರು ನಕ್ಕರೆ ಆಶ್ಚರ್ಯವಿಲ್ಲ. ಏಳನೆಯ ತರಗತಿಗೆ ಬಂದರೂ ಸರಾಗವಾಗಿ ಓದಲಾರದ ಮಕ್ಕಳಿದ್ದಾರೆ. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಬೇಕಾದ ಶಾಲೆಗಳಿವೆ. ಅಂಕಿಅಂಶ ತುಂಬಿ ಕಳಿಸುವ ಕೆಲಸ ಪಾಠದ ಹೊತ್ತನ್ನು ತಿನ್ನುತ್ತದೆ. ಪುಸ್ತಕ ಮುಗಿಸದಿದ್ದರೆ ವಿಚಾರಣೆ. ಮಕ್ಕಳು ಯೋಚಿಸದಿದ್ದರೆ ಯಾರೂ ಕೇಳುವುದಿಲ್ಲ. ಇವೆಲ್ಲ ನಿಜ. ಆದರೆ ಮೇಲೆ ಹೇಳಿದ ವಾರಕ್ಕೆ ಬೇಕಾದುದು ಒಂದು ನಕ್ಷೆ, ಒಂದು ಡಬ್ಬಿ, ಒಂದು ಕರಿಹಲಗೆ, ಊರಿನ ಪರಿಚಯ ಇಷ್ಟೇ. ವಾರವಾರವೂ ಸಾಧ್ಯವಾಗದಿದ್ದರೆ ತಿಂಗಳಿಗೊಂದು ವಾರ ಹೀಗೆ ನಡೆಯಲಿ. ಓದಲಾರದ ಮಗುವಿಗೆ ಮಳೆ ಅಳೆಯಲು ಬರುತ್ತದೆ, ಮಗ್ಗದ ಮಾತು ಹೇಳಲು ಬರುತ್ತದೆ. ಆ ಧೈರ್ಯದಿಂದ ಓದೂ ಬಂದೀತು.

ಕಡೆಯದಾಗಿ ಒಂದು ಮಾತು. ಪಠ್ಯಪುಸ್ತಕಗಳು ಶಾಶ್ವತವಲ್ಲ. ನಮ್ಮ ರಾಜ್ಯದಲ್ಲಿಯೇ ೨೦೧೭ರಲ್ಲಿ, ೨೦೨೨ರಲ್ಲಿ, ೨೦೨೩ರಲ್ಲಿ ಅವು ಬದಲಾದವು. ಪ್ರತಿ ಸಲವೂ ವಾದ ವಿವಾದಗಳೆದ್ದವು. ಮುಂದೆಯೂ ಬದಲಾಗುತ್ತವೆ. ಪುಸ್ತಕವನ್ನೇ ನೆಚ್ಚಿ ಬಾಯಿಪಾಠ ಮಾಡಿದ ಮಗುವಿಗೆ ಪ್ರತಿ ಬದಲಾವಣೆಯೊಡನೆ ಸತ್ಯವೂ ಬದಲಾದಂತೆ ತೋರುತ್ತದೆ. "ಕಲ್ಲಿನಲ್ಲಿದೆ", "ನಾವು ಊಹಿಸಿದ್ದು" ಎಂಬ ಎರಡು ಅಂಕಣಗಳನ್ನು ಮಾಡಲು ಕಲಿತ ಮಗು ಮಾತ್ರ ಯಾವ ಪುಸ್ತಕ ಕೈಗೆ ಬಂದರೂ "ಇದಕ್ಕೆ ಆಧಾರವೇನು?" ಎಂದು ಕೇಳುತ್ತದೆ. ಪತ್ರಿಕೆ ಓದುವಾಗ ಕೇಳುತ್ತದೆ. ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸುವ ಮೊದಲು ಕೇಳುತ್ತದೆ. ಮುಂದೆ ಮತ ಕೇಳಲು ಮನೆ ಬಾಗಿಲಿಗೆ ಬಂದವರನ್ನೂ ಕೇಳುತ್ತದೆ. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ದೊಡ್ಡ ಕಾವಲು ಬೇರೊಂದಿಲ್ಲ.

ನಾಳೆ ಆ ತರಗತಿಗಳಿಗೆ ಹೋಗಿ ನಿಲ್ಲತಕ್ಕವರು ನಾವು. ಇಂದು ನಮ್ಮ ಕೈಯಲ್ಲಿರುವ ಪುಸ್ತಕಗಳನ್ನು ಅಂಕಗಳಿಗಾಗಿ ಮಾತ್ರ ಓದಿದರೆ ನಾಳೆ ಅಂಕಗಳಿಗಾಗಿ ಮಾತ್ರ ಓದಿಸುತ್ತೇವೆ. ನಮ್ಮ ತಾಲ್ಲೂಕಿನ ಶಾಸನವನ್ನು ನಾವೇ ನೋಡಿಲ್ಲದಿದ್ದರೆ ಮಕ್ಕಳಿಗೆ ತೋರಿಸುವವರಾರು? ಈ ಬೇಸಿಗೆಯ ರಜೆಯಲ್ಲಿ ಒಂದು ದಿನ ಅದಕ್ಕೆಂದು ತೆಗೆದಿಡೋಣ. ಮಾನವಿಕ ಶಿಕ್ಷಕರಾಗುವ ಸಿದ್ಧತೆಗೆ ಅದು ಮೊದಲ ಪಾಠವಾದೀತು.